ತಿಮ್ಮಣ್ಣನ ಬಂದೂಕು

ಯಂಕಣ್ಣನ ಹೆಣ ಕಾಲುವೆಯ ಕೆಳಗಿನ ಬದುವಿನ ಮೇಲೆ ಬಿದ್ದಿತ್ತು. ಸುತ್ತ ನಾಲ್ಕೂ ಕಡೆ ನೀರು. ಹಿಂದಿನ ಸಂಜೆಯಷ್ಟೇ ನಾರಾಯಣಪುರ ಅಣೆಕಟ್ಟಿನ ನೀರು ಈ ಹೊಲಗಳಿಗೆ ಹರಿದಿತ್ತು. ಮುಂಜಾನೆ ಹೊಲ ನೋಡಲು ಬಂದ ರೈತನೊಬ್ಬ ಹೆಣ ಕಂಡು ಚೀರಿಕೊಂಡ. ಸ್ವಲ್ಪ ಹೊತ್ತಿಗೆ ಅರ್ಧ ಊರು ಕಾಲುವೆಯ ಏರಿಯ ಮೇಲೆ ಸೇರಿತು. ಕೆಳಗಿಳಿಯಲು ಯಾರಿಗೂ ಧೈರ್ಯವಿರಲಿಲ್ಲ.

ಯಂಕಣ್ಣ ಕಾಲುವೆಯ ಲಸ್ಕರ್. ಗೇಟು ಎತ್ತುವುದು, ಇಳಿಸುವುದು, ಯಾರ ಹೊಲಕ್ಕೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ಅವನ ಕೆಲಸ. ಈಗ ಅವನ ಎದೆಯ ತುಂಬ ತೂತುಗಳಿದ್ದವು.

ಸಬ್ ಇನ್ಸ್‌ಪೆಕ್ಟರ್ ಸರ್ವರಬೇಗಂ ಕೆಸರಿಗೆ ಇಳಿದಳು. ಎರೆ ಮಣ್ಣು ಹೆಜ್ಜೆಹೆಜ್ಜೆಗೂ ಬೂಟಿಗೆ ಅಂಟಿ ಕಾಲು ಭಾರವಾಯಿತು. ಹೆಣದ ಪಕ್ಕ ಕುಳಿತು ಮೊದಲು ಎದೆ ನೋಡಿದಳು. ಆಮೇಲೆ ಕಾಲಿನ ಚಪ್ಪಲಿ ನೋಡಿದಳು. ಅದನ್ನು ಬಿಚ್ಚಿ, ಅಡಿ ತಿರುಗಿಸಿ, ಮತ್ತೊಮ್ಮೆ ನೋಡಿದಳು.

"ಸಾಬಣ್ಣ, ಈ ಚಪ್ಪಲಿ ಬ್ಯಾರೆ ಕಟ್ಟಿ ಇಡ್ರಿ. ನೀರು ತಾಗಬಾರದು."

"ಹೂಂ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್ ಸಾಬಣ್ಣ. ಅವನ ಕಣ್ಣು ಏರಿಯ ಮೇಲಿನ ಜನರ ಮೇಲಿತ್ತು. "ಮುಂಜಾನಿ ನಸಿಕಿನ್ಯಾಗ ಢಂ ಅಂದದ್ದು ಎಲ್ಲರೂ ಕೇಳ್ಯಾರಂತ್ರಿ. ಎಲ್ಲರ ಬಾಯಾಗೂ ಒಂದ ಹೆಸರದ. ತಿಮ್ಮಣ್ಣ."

*

ತಿಮ್ಮಣ್ಣನ ಬಂದೂಕನ್ನು ಅರಿಯದವರು ಕಕ್ಕೇರಾ ಸೀಮೆಯಲ್ಲಿ ಇಲ್ಲ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು. ಅವನ ಮುತ್ತಜ್ಜ ಸುರಪುರದ ದಂಗೆಯಲ್ಲಿ ಅದನ್ನು ಹಿಡಿದಿದ್ದನಂತೆ. ಅಜ್ಜ ಅದರಿಂದ ಚಿರತೆ ಕೆಡವಿದ್ದನಂತೆ. ಸಂಜೆಯಾದರೆ ತಿಮ್ಮಣ್ಣನ ಮನೆಯ ಕಟ್ಟೆ ತುಂಬುತ್ತಿತ್ತು. ಅವನು ಕಥೆ ಹೇಳುತ್ತಿದ್ದ. ಕಥೆಯಲ್ಲಿ ಆ ಬಂದೂಕು ಒಮ್ಮೆಯೂ ಗುರಿ ತಪ್ಪಿರಲಿಲ್ಲ.

ಹೋದ ವಾರ ನೀರಿನ ಪಾಳಿಗಾಗಿ ಅವನಿಗೂ ಯಂಕಣ್ಣನಿಗೂ ಜಗಳವಾಗಿತ್ತು. "ಇನ್ನ ನನ್ನ ಬಂದೂಕ ಮಾತಾಡ್ತದ ನೋಡು," ಎಂದು ಅವನು ಅಂದದ್ದನ್ನು ಸಂತೆಯ ಜನವೆಲ್ಲ ಕೇಳಿತ್ತು.

ಸರ್ವರಬೇಗಂ ಹೋದಾಗ ಮುದುಕ ಕಟ್ಟೆಯ ಮೇಲೇ ಕುಳಿತಿದ್ದ. ತಲೆಗೆ ರುಮಾಲು ಸುತ್ತಿ ತಯಾರಾಗಿದ್ದ. ಬಂದೂಕು ತೊಡೆಯ ಮೇಲಿತ್ತು.

"ಯಂಕಣ್ಣನ್ನ ಯಾರು ಹೊಡದಾರ, ಕಾಕಾ?"

"ನಾನ."

"ಯಾವಾಗ?"

"ಮುಂಜಾನಿ. ಎಲ್ಲರೂ ಕೇಳ್ಯಾರಲ್ಲ?"

ಬೀದಿಯಲ್ಲಿ ನಿಂತ ಜನ ಉಸಿರು ಬಿಗಿ ಹಿಡಿಯಿತು. ಹೆದರಿಕೆಯಿತ್ತು, ಜೊತೆಗೆ ಒಂದು ಬಗೆಯ ಭಕ್ತಿಯೂ ಇತ್ತು. ಮುದುಕನ ಬೆನ್ನು ನೆಟ್ಟಗಾಯಿತು. ಕೊಲೆ ಮಾಡಿದ ಮನುಷ್ಯ ಹೀಗೆ ಕೂರುವುದಿಲ್ಲ ಎಂದು ಸರ್ವರಬೇಗಂಗೆ ಅನಿಸಿತು. ಬಂದೂಕನ್ನೂ ಮುದುಕನನ್ನೂ ಜೀಪಿಗೆ ಹತ್ತಿಸಿದಳು.

*

ಮಧ್ಯಾಹ್ನ ಸುರಪುರದ ಆಸ್ಪತ್ರೆಯ ಡಾಕ್ಟರು ಫೋನ್ ಮಾಡಿದರು. ಎದೆಯಲ್ಲಿ ಸೀಸದ ಚರೆಗಳು ಸಿಕ್ಕಿದ್ದವು. ಅವುಗಳ ನಡುವೆ ಒಂದು ರಟ್ಟಿನ ಬಿಲ್ಲೆ.

ಸರ್ವರಬೇಗಂ ಠಾಣೆಯ ಹಿಂದಿನ ಕೋಣೆಗೆ ಹೋದಳು. ತಿಮ್ಮಣ್ಣ ಬೆಂಚಿನ ಮೇಲಿದ್ದ. ಅವಳು ಬಾಗಿಲು ಹಾಕಿದಳು. ಒಂದು ಉದ್ದ ತಂತಿ ತೆಗೆದುಕೊಂಡು ಅವನ ಬಂದೂಕಿನ ನಳಿಗೆಯೊಳಗೆ ಇಳಿಸಿದಳು. ತಂತಿ ಗೇಣುದ್ದ ಹೋಗಿ ಟಕ್ ಎಂದು ನಿಂತಿತು.

ಮುದುಕ ಮುಖ ಆ ಕಡೆ ತಿರುಗಿಸಿದ.

"ಯಾರು ತುಂಬ್ಯಾರ ಇದನ್ನ?"

ಅವನ ದನಿ ಇಳಿಯಿತು. "ನಿಜಾಮನ ಕಾಲದಾಗ ಬಂದೂಕ ಜಪ್ತಿ ಮಾಡ್ಲಿಕ್ಕೆ ಬಂದಿದ್ರು. ಒಯ್ಯಬ್ಯಾಡ್ರಿ ಅಂತ ಅಪ್ಪ ಕಾಲಿಗೆ ಬಿದ್ದ. ಸೀಸ ಕಾಸಿ ಹೊಯ್ದು, ಇಟ್ಕೋ ಅಂದು ಹೋದ್ರು. ಅವತ್ತಿನಿಂದ ಅದು ಸತ್ತದ. ನಾ ಒಮ್ಮಿನೂ ಅದರ ಸಪ್ಪಳ ಕೇಳಿಲ್ರಿ."

"ಮತ್ತ ಸುಳ್ಳ ಯಾಕ ಒಪ್ಕೊಂಡಿ?"

"ನೀವು ಬರೂಕಿಂತ ಮೊದಲ ಮಂದಿ ಬಂದು ಕಟ್ಟಿ ಮುಂದ ಕೈಮುಗದು ನಿಂತಿದ್ರು, ಅವ್ವಾ. ಇದು ಕೊಳವಿ ಅಷ್ಟ ಅಂತ ಅವರಿಗೆ ಹ್ಯಾಂಗ ಹೇಳ್ಲಿ? ನನಗ ಜೈಲ್ ಆದ್ರ ಆಗ್ಲಿ. ಇದನ್ನ ಮಾತ್ರ ಹೊರಗ ಹೇಳಬ್ಯಾಡ್ರಿ."

ಸರ್ವರಬೇಗಂ ತಂತಿಯನ್ನು ಹೊರಗೆಳೆದಳು. ಕೊಂದವನು ಊರಲ್ಲೇ ಇದ್ದ. ಈ ಮುದುಕನ ಅಭಿಮಾನದ ನೆರಳಲ್ಲಿ ಅವನು ಹಾಯಾಗಿ ಓಡಾಡುತ್ತಿದ್ದ.

*

"ನಾಡಬಂದೂಕಿಗೆ ಬಟ್ಟಿ ತುರುಕ್ತಾರ," ಎಂದಳು ಅವಳು ಸಾಬಣ್ಣನಿಗೆ. "ರಟ್ಟಿನ ಬಿಲ್ಲಿ ಇರೂದು ಕಂಪನಿ ತೋಟಾದಾಗ, ಕಾರ್ತೂಸಿನ್ಯಾಗ. ಲೈಸನ್ಸ್ ಬಂದೂಕದ್ದು."

"ಅವೆಲ್ಲ ನಮ್ಮ ಕೋಣಿಯೊಳಗ ಅವ ಅಲ್ರಿ ಮೇಡಂ? ಎಲೆಕ್ಷನ್ ಅಂತ ಎಲ್ಲಾ ಜಮಾ ಮಾಡಿಸೀವಿ. ರಂಗಣ್ಣ ಸಾಹುಕಾರಂದು ಒಂದು ಉಳದಿತ್ತು. ನಿನ್ನೆ ಸಂಜಿಗೆ ಅದೂ ಬಂತು."

ರಂಗಣ್ಣ ಕಾಲುವೆಯ ಮೇಲ್ಭಾಗದ ದೊಡ್ಡ ಹಿಡುವಳಿದಾರ. ಅವನ ಜೋಡುನಳಿಗೆ ಬಂದೂಕಿಗೆ ರಸೀದಿ ಬರೆದುಕೊಟ್ಟವಳು ಸರ್ವರಬೇಗಂಳೇ. "ಇದಕ್ಕ ತೋಟಾ ಹಾಕಿ ಎಷ್ಟೋ ವರ್ಷ ಆತು," ಎಂದು ಅವನು ನಕ್ಕಿದ್ದ. ಚಹಾ ಕುಡಿದು ಹೋಗಿದ್ದ.

ಅವಳು ಕೋಣೆಯ ಬೀಗ ತೆಗೆಸಿದಳು. ಆ ಬಂದೂಕು ತೆಗೆದು, ಮಡಚಿ, ನಳಿಗೆಗಳನ್ನು ಬೆಳಕಿಗೆ ಹಿಡಿದಳು. ಒಂದರಲ್ಲಿ ಎಣ್ಣೆ ಹೊಳೆಯಿತು. ಇನ್ನೊಂದು ಹೊಗೆ ಹಿಡಿದು ಕಪ್ಪಾಗಿತ್ತು. ಮೂಗಿಗೆ ಸುಟ್ಟ ಮದ್ದಿನ ವಾಸನೆ ಬಡಿಯಿತು.

ಯಂಕಣ್ಣನನ್ನು ಕೊಂದ ಬಂದೂಕು ರಾತ್ರಿಯೆಲ್ಲ ಅವಳ ಕುರ್ಚಿಯ ಹಿಂದಿನ ಗೋಡೆಯ ಆಚೆಗಿತ್ತು.

*

ಸಂಜೆ ರಂಗಣ್ಣನನ್ನು ಕರೆಸಿದಳು. ಊರ ಜನವೂ ಬಂದು ಠಾಣೆಯ ಅಂಗಳದಲ್ಲಿ ನಿಂತಿತು. ಯಂಕಣ್ಣನ ಹೆಂಡತಿ ದೇವಕಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ತಿಮ್ಮಣ್ಣನನ್ನೂ ಹೊರಗೆ ತಂದು ಕೂರಿಸಿದ್ದರು; ಅವನ ಬಂದೂಕೂ ಆ ತಂತಿಯೂ ಮೇಜಿನ ಮೇಲಿದ್ದವು.

"ನನ್ನ ಬಂದೂಕ ನಿನ್ನಿಂದ ನಿಮ್ಮ ಕೈಯಾಗ ಅದ," ಎಂದ ರಂಗಣ್ಣ. "ಕೊಲಿ ಆಗಿದ್ದು ಇವತ್ತ ಮುಂಜಾನಿ."

"ಮುಂಜಾನಿ ಅಂತ ಯಾರು ಹೇಳಿದ್ರು?"

"ಸಪ್ಪಳ ಇಡೀ ಊರು ಕೇಳ್ಯದ."

"ಹಂದಿ ಓಡ್ಸಾಕ ನೀವು ಊರ ಮಂದಿ ಪೈಪಿನ್ಯಾಗ ಪೊಟ್ಯಾಶ್ ದಿನಾ ಸಿಡಸ್ತೀರಿ. ಹಗಲೂ ಸಿಡಸ್ತೀರಿ, ನಸಿಕಿನ್ಯಾಗೂ ಸಿಡಸ್ತೀರಿ. ನಿನ್ನೆ ಖರೇ ಬಂದೂಕ ಹಾರಿದ್ರೂ ಅದೂ ಪೊಟ್ಯಾಶ್ ಅನಕೊಂಡ್ರಿ. ಹೆಣ ಸಿಕ್ಕ ಮ್ಯಾಲ ಇವತ್ತಿನ ಸಪ್ಪಳಕ್ಕ ಬಂದೂಕ ಅಂತ ಹೆಸರಿಟ್ರಿ." ಅವಳು ಚಪ್ಪಲಿಯ ಗಂಟು ಬಿಚ್ಚಿದಳು. "ನೋಡ್ರಿ. ಅಡಿಯೊಳಗ ಒಣ ಧೂಳು. ಕೆಸರು ಸಾಸಿವಿಯಷ್ಟೂ ಇಲ್ಲ. ಆ ಬದುವಿಗೆ ಮುಂಜಾನಿ ಹೋಗಿದ್ರ ಎರಿ ಮಣ್ಣು ಬಿಡ್ತಿತ್ತೇನು? ದೇವಕಮ್ಮ, ಅವ ಯಾವಾಗ ಹೋದ?"

"ನಿನ್ನೆ ಮಧ್ಯಾನ್ನ ಗೇಟ್ ಎತ್ತಿ, ನೀರು ಮುಟ್ಟೂಕಿಂತ ಮೊದಲ ಬದು ನೋಡಿ ಬರ್ತೀನಿ ಅಂದ್ರು. ರಾತ್ರಿ ಕಾಲುವಿ ಗುಡಿಸಲದಾಗ ಮಲಗ್ಯಾರ ಅನಕೊಂಡ್ನಿ."

"ನೀರು ಬರೂಕಿಂತ ಮೊದಲ ಸತ್ತಾನ. ಆ ಹೊತ್ತಿಗೆ ರಂಗಣ್ಣೋರು ಬಂದೂಕ ಹೆಗಲಿಗೆ ಹಾಕ್ಕೊಂಡು ಕಾಲುವಿ ದಾರಿ ಹಿಡದು ಬರಾಕತ್ತಿದ್ರು. ಎಲ್ಲರೂ ನೋಡ್ಯಾರ. ಠಾಣಿಗೆ ಜಮಾ ಮಾಡಾಕ ಹೊಂಟಾರ ಅಂತ ಯಾರೂ ತಿರುಗಿ ನೋಡಲಿಲ್ಲ."

ರಂಗಣ್ಣ ಗಲಗಲ ನಕ್ಕ. "ಆ ಮುದುಕ ತಾನ ಒಪ್ಕೊಂಡಾನಲ್ಲ? ಮದ್ದಿನ ಬಂದೂಕಿಗೆ ಚರಿ ಹಾಕಿದ್ರ ಹಿಂಗ ಆಗೂದಿಲ್ಲೇನು? ಕೋರ್ಟಿನ್ಯಾಗ ನನ್ನ ವಕೀಲ ಅದನ್ನ ಕೇಳ್ತಾನ."

ರಟ್ಟಿನ ಬಿಲ್ಲೆ ತೋರಿಸಿದರೂ, ಮುದುಕ ಒಪ್ಪಿಗೆ ಹಿಂದೆ ಪಡೆಯದಿದ್ದರೆ ವಕೀಲನಿಗೆ ಅಷ್ಟೇ ಸಾಕಿತ್ತು. ಸರ್ವರಬೇಗಂ ತಿಮ್ಮಣ್ಣನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

ದೇವಕಮ್ಮ ಎದ್ದು ಅವನ ಮುಂದೆ ಬಂದಳು. "ಕಾಕಾ, ನನ್ನ ಮಾರಿ ನೋಡಿ ಹೇಳು. ನೀ ಹೊಡದೇನು?"

ಮುದುಕ ಮೇಜಿನ ಮೇಲಿನ ಬಂದೂಕು ಎತ್ತಿಕೊಂಡ. ತಂತಿಯನ್ನು ತಾನೇ ನಳಿಗೆಯೊಳಗೆ ಬಿಟ್ಟ. ಟಕ್. ಮತ್ತೆ ಎತ್ತಿ ಬಿಟ್ಟ. ಟಕ್.

"ಸೀಸ ತುಂಬ್ಯದ," ಎಂದ ಜೋರಾಗಿ, ಅಂಗಳಕ್ಕೆಲ್ಲ ಕೇಳುವಂತೆ. "ನಾ ಹುಟ್ಟೂಕಿಂತ ಮೊದಲಿಂದ ತುಂಬ್ಯದ. ನಾ ಹೇಳಿದ್ದೆಲ್ಲ ಬರೇ ಕಥಿ. ಯಂಕಣ್ಣನ್ನ ನಾ ಹೊಡದಿಲ್ಲವ್ವ."

ಯಾರೂ ನಗಲಿಲ್ಲ. ಒಬ್ಬರೂ ಅವನ ಕಡೆ ನೋಡಲಿಲ್ಲ. ಎಲ್ಲರ ಕಣ್ಣು ನಿಧಾನವಾಗಿ ರಂಗಣ್ಣನ ಮೇಲೆ ಹೋಗಿ ನಿಂತಿತು.

"ನೀರು ಎಳಿಯಾಕ ಕಾಲುವಿಗೆ ಹಾಕಿದ್ದ ನನ್ನ ಪೈಪ್ ಯಂಕಣ್ಣ ಕಿತ್ತು ಒಗದ," ಎಂದ ರಂಗಣ್ಣ ಕೊನೆಗೆ. "ಮಂದಿ ಮುಂದ. ನಿನ್ನೆ ಬಂದೂಕ ತೋರ್ಸಿದ್ನಿ, ಹೆದರ್ತಾನ ಅಂತ. ನಕ್ಕ ಅವ. ಮಾರಿ ಮ್ಯಾಲೆ ನಕ್ಕ."

ಸಾಬಣ್ಣ ಅವನ ತೋಳು ಹಿಡಿದ.

*

ರಂಗಣ್ಣನನ್ನು ಜೈಲಿಗೆ ಕಳಿಸಿದ ವಾರದಲ್ಲೇ ಅವನ ದೊಡ್ಡ ಮಗ ಠಾಣೆಗೆ ಬಂದ. ಬಿಳಿ ಅಂಗಿ, ಮೆತ್ತಗಿನ ಮಾತು. ಅಪ್ಪನ ಬಗ್ಗೆ ಏನೂ ಕೇಳಲಿಲ್ಲ.

"ಹೊಸ ಬಂದೂಕಿಗೆ ಲೈಸನ್ಸ್ ಬೇಕಿತ್ರಿ ಮೇಡಂ. ನನ್ನ ಹೆಸರಿಲೆ."

"ಯಾಕ?"

ಅವನು ಕಿಟಕಿಯಾಚೆ ಬೀದಿಯನ್ನು ಒಮ್ಮೆ ನೋಡಿದ. ಅವಳ ಕಡೆ ತಿರುಗಿ ವಿನಯದಿಂದಲೇ ಹೇಳಿದ:

"ಊರಾಗ ಮಂದಿ ನಮಗ ಹೆದರೂದು ಬಿಟ್ಟಾರ್ರಿ."