ಭೂತಗನ್ನಡಿಯ ಮೇಲಿನ ಬೆರಳು

ಇಪ್ಪತ್ತು ವರ್ಷದಿಂದ ಬೆರಳಚ್ಚು ಹೋಲಿಸುವುದೇ ನನ್ನ ಕಸುಬು. ಇಲ್ಲದ್ದನ್ನು ಇದೆ ಎಂದು ಬರೆಯುವ ಚಾಳಿ ನನಗಿಲ್ಲ.

ಅಂದು ಮಟಮಟ ಮಧ್ಯಾಹ್ನ. ಕೊಲೆ ನಡೆದ ಮನೆಯ ಕಿಟಕಿಯಲ್ಲಿ ಸಿಕ್ಕ ಅಚ್ಚಿಗೂ ಆ ಮನೆಯ ಅಡುಗೆಯವನ ಹೆಬ್ಬೆರಳಿಗೂ ಏಳು ಕಡೆ ಗೆರೆಗಳು ತಾಳೆಯಾಗಿದ್ದವು. ಎಂಟನೆಯದೂ ಕೂಡಿದರೆ ಅವನ ಕಥೆ ಮುಗಿದಂತೆ. ಆದರೆ ನನ್ನ ಭೂತಗನ್ನಡಿಯ ಒಂದೇ ಜಾಗ ಮಂಜಾಗುತ್ತಿತ್ತು. ಎರಡು ಸಲ ಒರೆಸಿದೆ. ಆ ಸೆಖೆಯಲ್ಲೂ ಗಾಜು ಕೈ ಕೊರೆಯುವಷ್ಟು ತಣ್ಣಗಿತ್ತು.

“ಸಹಿ ಹಾಕ್ಬಿಡಿ ಮೇಡಂ, ಸಾಹೇಬ್ರು ಕಾಯ್ತಿದಾರೆ,” ಎಂದ ಪೇದೆ.

“ತಡಿಯಪ್ಪ, ಒಬ್ಬನ ಜೀವದ ಪ್ರಶ್ನೆ.”

ಮೂರನೆಯ ಸಲ ಅಲ್ಲೇ ಒದ್ದೆ ಬೆರಳಿನ ಗುರುತು ಮೂಡಿತು. ಅದರ ಕೆಳಗೇ ಕಣ್ಣಿಟ್ಟು ನೋಡಿದೆ. ಕಿಟಕಿಯ ಅಚ್ಚಿನಲ್ಲಿ ಗೆರೆ ಕವಲೊಡೆದಿತ್ತು. ಅಡುಗೆಯವನದರಲ್ಲಿ ನೆಟ್ಟಗೆ ಸಾಗಿತ್ತು.

“ಇವನಲ್ಲ ಕಣಯ್ಯಾ! ಬಿಟ್ಟು ಕಳಿಸಿ ಅವನನ್ನ!” ಎಂದು ಕುರ್ಚಿ ಉರುಳುವಂತೆ ಎದ್ದೆ. ಸಂಜೆ ಅವನು ಮಗಳ ಕೈ ಹಿಡಿದು ಮನೆಗೆ ಹೋದ.

ಆಮೇಲೆ ಭೂತಗನ್ನಡಿಯ ಮೇಲೆ ಆರಿದ್ದ ಗುರುತಿಗೆ ಪುಡಿ ಹಾಕಿ, ನಮ್ಮ ಸಿಬ್ಬಂದಿಯ ಬೆರಳಚ್ಚುಗಳ ಕಡತ ತೆಗೆದೆ. ನಾನು ತಪ್ಪಿದಲ್ಲೆಲ್ಲ ಗಾಜಿಗೇ ಬೆರಳೂರಿ ತೋರಿಸುತ್ತಿದ್ದ ನನ್ನ ಗುರುಗಳ ತೋರುಬೆರಳು ಅದು. ಅವರು ತೀರಿಕೊಂಡು ಆರು ವರ್ಷ. ಹದಿನಾರು ಕಡೆ ತಾಳೆಯಾಯಿತು. ಅದನ್ನೂ ಇದ್ದದ್ದು ಇದ್ದಂತೆ ವರದಿಯಲ್ಲಿ ಬರೆದು, ಸಹಿ ಹಾಕಿದೆ.