ಕೆಂಪು ಗೆರೆಗೆ ಎರಡಿಂಚು ಕೆಳಗೆ

"ಸ್ವಲ್ಪ ಕಾಲು ತೆಗೀರಿ. ಹದಿನಾಲ್ಕನೇ ಅಡಿ ಮೇಲೆ ನಿಂತಿದೀರಿ."

ಅವಳು ಅವನಿಗೆ ಹೇಳಿದ ಮೊದಲ ಮಾತು ಇದು. ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ ಬಿಳಿ ಬಣ್ಣದಲ್ಲಿ ಅಡಿ, ಇಂಚು ಗುರುತು ಹಾಕಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ನೀರು ಎಲ್ಲಿವರೆಗೆ ಬಂದಿದೆ ಎಂದು ನೋಡಿ, ಕಾರ್ಡಿನಲ್ಲಿ ಬರೆದು ಕಚೇರಿಗೆ ಅಂಚೆಯಲ್ಲಿ ಕಳಿಸುವುದು ಅವಳ ಮನೆತನದ ಕೆಲಸ. ಮುತ್ತಜ್ಜ, ಅಜ್ಜಿ, ಅಪ್ಪ, ಈಗ ಅವಳು. ಇಪ್ಪತ್ತನೇ ಅಡಿಯಲ್ಲಿ ಒಂದು ಕೆಂಪು ಗೆರೆಯಿದೆ. ನೀರು ಅದನ್ನು ಮುಟ್ಟಿದರೆ ಬಾವುಟ ಏರಿಸಬೇಕು. ಆ ದಿನ ಅವಳ ದೊಡ್ಡಪ್ಪ ದೋಣಿ ಬಿಡುವಂತಿಲ್ಲ.

ಕೊಡೆ ಹಿಡಿದು ನಿಂತಿದ್ದವನು ಗಾಬರಿಯಲ್ಲಿ ಮೇಲೆ ಹತ್ತುವ ಬದಲು ಕೆಳಗಿಳಿದ. ಎರಡೂ ಬೂಟು ನೆನೆದವು.

"ನಾನು ಕಚೇರಿಯಿಂದ ಬಂದಿದೀನಿ. ಇಲ್ಲೊಂದು ಯಂತ್ರ ಕೂರಿಸ್ಬೇಕು. ಅದೇ ನೀರು ಅಳೆಯುತ್ತೆ. ಆಮೇಲೆ ಹಳೇ ಕಾರ್ಡುಗಳನ್ನೆಲ್ಲ ನಿಮ್ಮ ಪುಸ್ತಕದ ಜೊತೆ ತಾಳೆ ನೋಡ್ಬೇಕು. ಮೂರು ತಿಂಗಳ ಕೆಲಸ."

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿದೀರಿ. ನಿಮಗೆ ಟೀ ಬೇರೆ ಕೊಡ್ಬೇಕಾ?"

"ಸಕ್ಕರೆ ಕಡಿಮೆ ಹಾಕಿ," ಅಂದ ಅವನು, ಬೂಟಿನ ನೀರು ಬಸಿಯುತ್ತ.

ಎಷ್ಟು ಬಿಗಿಹಿಡಿದರೂ ಅವಳಿಗೆ ನಗು ಬಂದೇಬಿಟ್ಟಿತು.

ಅವಳ ಮನೆಯ ಮುಂದಿನ ಕೋಣೆಯ ಮೇಜಿನ ತುಂಬ ಅವನು ಕಚೇರಿಯಿಂದ ತಂದ ನಾಲ್ಕು ತಲೆಮಾರಿನ ಕಾರ್ಡುಗಳು ಹರಡಿಕೊಂಡವು. ಅವನು ಕಾರ್ಡು ಓದುವುದು, ಅವಳು ಪುಸ್ತಕದಲ್ಲಿ ಬೆರಳಿಟ್ಟು "ಸರಿ" ಅನ್ನುವುದು. ಪ್ರತಿ ಕಾರ್ಡಿನ ಕೊನೆಯಲ್ಲಿ 'ವಿಶೇಷ' ಎಂದು ಒಂದು ಅಂಕಣ. ಮುತ್ತಜ್ಜ ಅದರಲ್ಲಿ ಇರುವೆಯಂಥ ಅಕ್ಷರದಲ್ಲಿ ಜೀವಮಾನವಿಡೀ 'ಏನಿಲ್ಲ' ಎಂದು ಬರೆದಿದ್ದ. ಅಪ್ಪ ಒಂದೇ ಒಂದು ದಿನ ಬರೆದದ್ದು ಬೇರೆ: 'ಹೆಣ್ಣು ಮಗು. ತೂಕ ಚೆನ್ನಾಗಿದೆ.' ಅದಕ್ಕೆ ಕಚೇರಿಯ ಉತ್ತರದ ನಕಲನ್ನು ಗುಂಡುಪಿನ್ನಿನಿಂದ ಚುಚ್ಚಿಟ್ಟಿದ್ದರು: 'ನೀರಿಗೆ ಸಂಬಂಧಪಟ್ಟ ವಿಷಯವನ್ನು ಮಾತ್ರ ನಮೂದಿಸತಕ್ಕದ್ದು.'

"ಇದು ನೀವಾ?"

"ನಾನೇ."

ಅವನು ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ಕಾರ್ಡಿನಲ್ಲಿ ಬರೆದದ್ದು ಸರಿಯಾಗೇ ಇದೆ."

"ನೀರಿನ ವಿಷಯ ಮಾತ್ರ ಮಾತಾಡತಕ್ಕದ್ದು," ಅಂದಳು. ಕಿವಿ ಬಿಸಿಯಾಗಿತ್ತು.

ಆಮೇಲೆ ದಿನಕ್ಕೆ ಐನೂರು ಕಾರ್ಡು ನೋಡುತ್ತಿದ್ದವರು ಮುನ್ನೂರಕ್ಕೆ ಇಳಿದರು. ಯಾಕೆಂದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಎರಡನೇ ತಿಂಗಳ ಕೊನೆಗೆ ಅವನೇ ಕಾರ್ಡಿನಿಂದ ಕಣ್ಣೆತ್ತದೆ ಹೇಳಿದ: "ಮನೇಲಿ ಹುಡುಗಿ ನೋಡಿದಾರೆ. ನಾನು ಇಲ್ಲಿಗೆ ಬರೋ ಮೊದಲೇ ಮಾತು ಕೊಟ್ಟಾಗಿದೆ. ಇಲ್ಲಿ ಕೆಲಸ ಮುಗಿದ ಮಾರನೇ ದಿನ ನಿಶ್ಚಿತಾರ್ಥ."

"ಸರಿ," ಅಂದಳು ಅವಳು. ಪುಸ್ತಕದ ಮೇಲೆ ಅವಳ ಬೆರಳು ತಪ್ಪು ಸಾಲಿನಲ್ಲಿತ್ತು.

ಹೊರಡುವ ಹಿಂದಿನ ಸಂಜೆ ಅವನು ಹಳದಿಗಟ್ಟಿದ ಒಂದು ಲಕೋಟೆ ತಂದುಕೊಟ್ಟ. ಕಚೇರಿಯಿಂದ ತಂದ ಕಾರ್ಡುಗಳ ಕಟ್ಟಿನಲ್ಲಿ ಸಿಕ್ಕಿತ್ತು. "ನಿಮ್ಮ ಅಜ್ಜಿ ಅಕ್ಷರ. ಕಚೇರಿಯವರು ಬಿಡಿಸಿಯೂ ನೋಡಿಲ್ಲ. ನಾನೂ ನೋಡ್ಲಿಲ್ಲ. ನಿಮ್ಮ ಮನೆಯದು."

ಅವನು ಹೋದ ಮೇಲೆ ಅವಳು ಅದನ್ನು ಓದಿದಳು.

'ಮಾನ್ಯರೇ, ಕಳೆದ ಮಳೆಗಾಲದಲ್ಲಿ ಹೊಳೆ ಉಕ್ಕಿದ ಒಂದು ದಿನ ಅಪ್ಪನಿಗೆ ಜ್ವರ. ನೀರು ನೋಡಿದ್ದು ನಾನು. ಗೆರೆಗೆ ಮೂರು ಇಂಚು ಕಡಿಮೆಯಿತ್ತು. ಆದರೂ ಬಾವುಟ ಏರಿಸಿದೆ. ಸರ್ವೆಗೆ ಬಂದಿದ್ದವರು ಅಂದು ಹೊರಟಿದ್ದರು, ಅವರು ಹೋಗುವುದು ನನಗೆ ಬೇಡವಾಗಿತ್ತು. ಅವರು ಉಳಿದರು, ನನ್ನ ಕೈ ಹಿಡಿದರು. ಹೊಳೆಯೇ ನಮ್ಮನ್ನು ಕೂಡಿಸಿತು ಎಂದು ಎಲ್ಲರಿಗೂ ಹೇಳುತ್ತಾರೆ. ಆಚೆ ದಡದಲ್ಲಿ ಒಬ್ಬ ಹೆಂಗಸು ಹೆರಿಗೆ ನೋವಿನಲ್ಲಿ ಆಸ್ಪತ್ರೆಗೆ ದಾಟಲು ಕಾದಿದ್ದಳು. ಮಗು ಉಳಿಯಿತು, ಅವಳು ಉಳಿಯಲಿಲ್ಲ. ಮಗುವನ್ನು ನಾನೇ ತಂದು ಸಾಕುತ್ತಿದ್ದೇನೆ. ನನಗೆ ಶಿಕ್ಷೆ ಏನೆಂದು ತಿಳಿಸಬೇಕಾಗಿ ವಿನಂತಿ.'

ಆ ಮಗು ಈಗ ದೋಣಿ ನಡೆಸುವ ದೊಡ್ಡಪ್ಪ. ಅರವತ್ತು ದಾಟಿದ ಮನುಷ್ಯ. ಅಜ್ಜಿ ಬದುಕಿರುವವರೆಗೂ ಹೆತ್ತ ಮಕ್ಕಳಿಗಿಂತ ಮೊದಲು ಅವನಿಗೆ ಬಡಿಸುತ್ತಿದ್ದಳು. ಯಾಕೆಂದು ಅಪ್ಪ ಎಷ್ಟು ಜಗಳವಾಡಿದರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನೀರು ಕೆಂಪಗೆ ಉಕ್ಕುತ್ತಿತ್ತು. ಎಂಟಕ್ಕೆ ಸರಿಯಾಗಿ ಅವಳು ಬಗ್ಗಿ ನೋಡಿದಳು. ಅವಳ ಕಡೆಯ ಅಳತೆ ಅದು, ನಾಳೆಯಿಂದ ಯಂತ್ರದ್ದು. ಪೆಟ್ಟಿಗೆ ಹಿಡಿದು ಅವನು ಪಕ್ಕದಲ್ಲಿ ನಿಂತಿದ್ದ. ಕೆಳಗೆ ದೋಣಿಯಲ್ಲಿ ದೊಡ್ಡಪ್ಪ ಕತ್ತೆತ್ತಿ ಕಾಯುತ್ತಿದ್ದ.

"ಎಷ್ಟಿದೆ?" ಅಂದ ಅವನು.

"ಹತ್ತೊಂಬತ್ತು ಅಡಿ, ಹತ್ತು ಇಂಚು."

"ಎರಡೇ ಇಂಚು ಕಡಿಮೆ." ಅವನ ದನಿ ತಗ್ಗಿತು. "ಬಾವುಟ ಏರಿಸಿಬಿಡಿ. ಯಾರು ಕೇಳ್ತಾರೆ? ಹೊಳೆ ಬಿಡ್ಲಿಲ್ಲ ಅಂದ್ರೆ ಮನೇಲೂ ಏನೂ ಅನ್ನಲ್ಲ. ಇವತ್ತೊಂದು ದಿನ ನಿಂತ್ರೆ ನಾನು ಮತ್ತೆ ಹೋಗಲ್ಲ. ನಂಗೆ ಗೊತ್ತು, ಹೋಗಲ್ಲ."

ಅವಳಿಗೆ ಏರಿಸಬೇಕೆನಿಸಿತು. ಬೇಕೇ ಬೇಕೆನಿಸಿತು. ಬಾವುಟದ ಹಗ್ಗ ಕೈಯಲ್ಲೇ ಇತ್ತು. ಆಚೆ ದಡದಲ್ಲಿ ನಾಲ್ಕೈದು ಜನ ನಿಂತಿದ್ದರು. ಯಾರಿಗೆ ಯಾಕೆ ದಾಟಬೇಕಿತ್ತೋ ಇಲ್ಲಿಂದ ಗೊತ್ತಾಗುತ್ತಿರಲಿಲ್ಲ.

"ನಿಲ್ಲೋದಾದ್ರೆ ನೀವಾಗಿ ನಿಲ್ಲಿ," ಅಂದಳು. "ದೋಣಿ ಹೋಗ್ಲಿ, ನೀವು ಇಲ್ಲೇ ಇರಿ. ನಾನೇ ಕೇಳ್ತಿದೀನಿ, ನಾಚಿಕೆ ಬಿಟ್ಟು ಕೇಳ್ತಿದೀನಿ. ಹೊಳೆ ಹೆಸರು ಮಾತ್ರ ಹೇಳ್ಬೇಡಿ."

ಅವನು ಪೆಟ್ಟಿಗೆ ಕೆಳಗಿಟ್ಟ. ನಿಂತೇಬಿಟ್ಟ ಅಂದುಕೊಂಡಳು ಅವಳು. ಆದರೆ ಅವನು ಇಟ್ಟದ್ದು ಕೈ ಬದಲಿಸಲು.

"ಅಷ್ಟು ಧೈರ್ಯ ನನಗಿಲ್ಲ," ಅಂದ, ಕಣ್ಣು ತುಂಬಿಕೊಂಡು. ಹದಿನಾಲ್ಕನೇ ಅಡಿ ಈಗ ನೀರಿನ ಕೆಳಗಿತ್ತು. ಅವನು ದೋಣಿ ಹತ್ತಿದ.

ಅವಳು ಹಗ್ಗ ಬಿಟ್ಟು ದೊಡ್ಡಪ್ಪನಿಗೆ ಹೋಗು ಎಂದು ಕೈ ಮಾಡಿದಳು.

ದೋಣಿ ದಾಟಿ, ಆಚೆಯವರನ್ನು ಕರೆದುಕೊಂಡು ವಾಪಸ್ಸು ಬಂತು. ಒಂಬತ್ತು ಗಂಟೆಗೆ ನೀರು ಕೆಂಪು ಗೆರೆ ಮುಟ್ಟಿತು. ಆಗ ಬಾವುಟ ಏರಿಸಿದಳು. ಎದುರು ದಡದ ರಸ್ತೆಯಲ್ಲಿ ಬಸ್ಸು ಬಂದು, ನಿಂತು, ಹೊರಟುಹೋಯಿತು.

ಕಡೆಯ ಕಾರ್ಡು ಬರೆಯಲು ಕೂತಳು. ಅಡಿ, ಇಂಚು ಬರೆದಾಯಿತು. 'ವಿಶೇಷ'ದ ಮುಂದೆ ಪೆನ್ನು ನಿಂತಿತು. 'ಏನಿಲ್ಲ' ಎಂದರೆ ಸುಳ್ಳಾಗುತ್ತಿತ್ತು. ಹಾಗೇ ಬಿಟ್ಟಳು.

ದೊಡ್ಡಪ್ಪ ಒದ್ದೆ ಬಟ್ಟೆ ಹಿಂಡಿಕೊಂಡು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. "ಮಗಳೇ, ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಅರ್ಧ ಹೊಳೇಲಿ ಅವರು ದೋಣಿ ತಿರುಗಿಸಿ ಅಂದ್ರು. ತಿರುಗಿಸೋಕೆ ಹೋದೆ. ಬೇಡ, ನಡೀರಿ ಅಂದ್ರು."

ಅವಳು ಪೆನ್ನು ಮುಚ್ಚಿಟ್ಟಳು. ಆಮೇಲೆ ತಟ್ಟೆ ತೊಳೆದು ತಂದಳು.

"ಕೂತ್ಕೋ ದೊಡ್ಡಪ್ಪ. ಊಟ ಮಾಡು. ಆಮೇಲೆ ನಿಂಗೆ ಅಜ್ಜಿಯ ಒಂದು ಕಾಗದ ಓದಿ ಹೇಳ್ಬೇಕು."

ಆ ಮನೆಯಲ್ಲಿ ಅವನಿಗೆ ಬಡಿಸಿದ ಮೇಲೆಯೇ ಉಳಿದವರಿಗೆ. ಈಗ ಉಳಿದವಳು ಅವಳೊಬ್ಬಳೇ. ಅವಳು ಅವನ ತಟ್ಟೆಗೆ ಬಡಿಸಿ, ಅವನ ಊಟ ಮುಗಿಯುವುದನ್ನೇ ಕಾಯುತ್ತ ಎದುರಿಗೆ ಕೂತಳು.