ತೋಳಿನ ಪ್ಯಾಟರ್ನ್ ಮೇಲಿನ ಹೆಸರು

"ನಾನು ಮಾಡಿದ ಪ್ಯಾಟರ್ನ್ ಮೇಲೆ ನಿನ್ನ ಹೆಸರು ಯಾಕಿದೆ?"

ಬಟ್ಟೆ ಕತ್ತರಿಸಲು ಅಚ್ಚಾಗಿ ಬಳಸುವ, ಕೋಟಿನ ತೋಳಿನ ರಟ್ಟನ್ನು ಅವಳು ಅವನ ಮುಂದೆ ಹಿಡಿದಳು. ಮೂಲೆಯಲ್ಲಿದ್ದ ಅವಳ ಹೆಸರನ್ನು ಉಜ್ಜಿ ಅಳಿಸಿ, ಅವನು ತನ್ನ ಹೆಸರನ್ನು ದಪ್ಪಗೆ ಬರೆದಿದ್ದ.

ಕಾಲರಿನ ತುಂಬ ಸದಾ ಗುಂಡುಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದ ಅವನಿಗೆ 'ಮುಳ್ಳುಹಂದಿ' ಎಂದು ಅಕ್ಕರೆಯಿಂದ ಹೆಸರಿಟ್ಟವಳೂ ಅವಳೇ.

ಪದವಿ ಮುಗಿಸಿ ವರ್ಷವಿಡೀ ಬಾಗಿಲು ತಟ್ಟಿದ ಮೇಲೆ, ಇಬ್ಬರಿಗೂ ಈ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತ್ತು. ಆರು ತಿಂಗಳ ಕೊನೆಗೆ ಖಾಯಂ ಆಗುವುದು ಒಬ್ಬರೇ. ಯಾವ ಪ್ಯಾಟರ್ನ್ ಯಾರದೆಂದು ಮೇಲಿನ ಹೆಸರು ನೋಡಿ ಕಟಿಂಗ್ ಮಾಸ್ಟರ್ ತೀರ್ಮಾನಿಸುವುದು ಅಲ್ಲಿನ ವಾಡಿಕೆ.

"ಆಮೇಲೆ ಹೇಳ್ತೀನಿ ಕಣೇ. ಈಗ ಸುಮ್ನಿರು."

"ಕತ್ತರಿ ಹಿಡಿಯೋದು ಕಲಿತಿದ್ದು ನಂಬಿದವಳ ಕತ್ತು ಕೊಯ್ಯೋಕಾ?"

'ಇನ್ನೂ ಕಲಿಯೋದೇ ಆಯ್ತಾ ಎಂದು ಮನೆಯಲ್ಲಿ ಅಕ್ಕ ಚುಚ್ಚಿದಾಗಲೆಲ್ಲ ಇವನ ಮುಖ ನೆನೆದು ಸಹಿಸಿದೆನಲ್ಲ… ಎಂಥ ಮಂಕುದಿಣ್ಣೆ ನಾನು…' ಎಂದುಕೊಂಡಳು.

ಅಷ್ಟರಲ್ಲಿ ಮಾಸ್ಟರ್ ಬಂದು, ಹೊಲಿದ ಕೋಟೊಂದನ್ನು ಮೇಜಿನ ಮೇಲೆ ಎಸೆದರು.

"ಈ ತೋಳು ಯಾರದಪ್ಪಾ? ಹೊಲಿಗೆಗೆ ಮಾರ್ಜಿನ್ನೇ ಬಿಟ್ಟಿಲ್ಲ. ನಲವತ್ತು ಜೊತೆ ಕತ್ತರಿಸಿ ಆಯ್ತು. ಗೊಂಬೆಗೆ ತೊಡಿಸ್ಲಾ?"

"ನಂದು ಮಾಸ್ಟರ್," ಎಂದ ಮುಳ್ಳುಹಂದಿ.

ನಿನ್ನೆಯ ಆತುರದಲ್ಲಿ ಮಾರ್ಜಿನ್ ಮರೆತವಳು ತಾನೇ ಎಂಬುದು ಅವಳಿಗೆ ಆಗ ಹೊಳೆಯಿತು. ಬಟ್ಟೆ ಕತ್ತರಿಸಿ ಆದ ಮೇಲೆ ಅದನ್ನು ಕಂಡ ಅವನು, ಮಾಸ್ಟರ್ ನೋಡುವ ಮೊದಲೇ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಿದ್ದ. ಒಂದು ಕ್ಷಣ, 'ಉಳಿದೆ' ಎನಿಸಿತು. ಮರುಕ್ಷಣವೇ ಆ ನೆಮ್ಮದಿಯ ಬಗ್ಗೆ ಹೇಸಿಗೆಯಾಯಿತು.

"ಅದು ನಂದು ಮಾಸ್ಟರ್. ಇವನು ಹೆಸರು ಬದಲಾಯಿಸಿದ್ದಾನೆ."

ಮಾಸ್ಟರ್ ಕನ್ನಡಕ ತೆಗೆದರು. "ಮರೆತವಳಿಗೆ ಮತ್ತೆ ಕಲಿಸಬಹುದಮ್ಮ. ನಾಳೆ ಬಂದು ನಲವತ್ತನ್ನೂ ಹೊಸದಾಗಿ ಕತ್ತರಿಸು." ಅವನತ್ತ ತಿರುಗಿದರು. "ಸುಳ್ಳು ಹೆಸರು ಬರೆಯೋನನ್ನ ನಂಬಿ ನಾನು ಬಟ್ಟೆಗೆ ಕತ್ತರಿ ಹಾಕೋದು ಹೇಗಯ್ಯಾ? ನೀನು ಹೊರಡು."

ಸಂಜೆಯ ಬೆಲ್ ಆದ ಮೇಲೆ, ತನ್ನ ಸಾಮಾನು ಕಟ್ಟಿಕೊಂಡು ಹೊರಟಿದ್ದ ಅವನನ್ನು ಅವಳು ಮೆಟ್ಟಿಲ ಮೇಲೆ ತಡೆದಳು.

"ನನ್ನ ಕೆಲಸ ಕದ್ದೆ ಅಂದ್ಕೊಂಡಿದ್ದೆ. ನೀನು ಕದ್ದಿದ್ದು ನನ್ನ ತಪ್ಪನ್ನ. ಇದೂ ಮೋಸಾನೇ ಕಣೋ… ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ಬಿಡ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ. ಇನ್ನೊಂದು ವಿಷಯಾನೂ, ನೀನು ಬೇಡ ಅಂತೀಯೇನೋ ಅಂತ, ಐದು ತಿಂಗಳಿಂದ ಕೇಳಿಲ್ಲ."

"ನನ್ನ ಉತ್ತರಾನೂ ನೀನೇ ತೀರ್ಮಾನ ಮಾಡ್ಕೊಂಡ್ಯಾ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಈಗ ಕೇಳ್ತೀನಿ. ನಂಗೆ ಕೆಲಸ ಇಲ್ಲ, ನಿನ್ನ ಮೇಲೆ ಪ್ರೀತಿ ಇದೆ. ಬಸ್ ಸ್ಟಾಪ್ ತನಕ ಜೊತೆಗೆ ಬರಲಾ?"

"ಕೋಪ ಇನ್ನೂ ಇಳಿದಿಲ್ಲ."

"ಇರಲಿ. ಸ್ಟಾಪ್ ದೂರ ಇದೆಯಲ್ಲ…"

ಅವಳು ಚೀಲವನ್ನು ಆಚೆಯ ಹೆಗಲಿಗೆ ಬದಲಾಯಿಸಿ, ಅವನಿಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ನಡಿ."